ಮುಚ್ಚಿದ ಅಂಗಡಿಯ ಕೈಗುಣ

ಅದು ಆಗೋ ಮಾತಲ್ಲ ಅಂತ ಮೊದಲು ಹೇಳಿದವರು ನಮ್ಮ ಮಾವ ಮುನಿವೆಂಕಟಪ್ಪ. ಅವರು ನಮ್ಮಮ್ಮನ ಒಡಹುಟ್ಟಿದ ತಮ್ಮ. ನನ್ನ ಗಂಡನ ತಂದೆಯೂ ಅವರೇ. ಹಾಗಾಗಿ ಮಾತು ಬಂದಾಗಿನಿಂದ ಅವರನ್ನು ಮಾವ ಅಂತಲೇ ಕರೆದವಳು ನಾನು. ಹುತ್ತೂರಿನ ನಮ್ಮ ಮನೆಯಲ್ಲಿ ಅವರು ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಹೊತ್ತಲ್ಲಿ, ಬಿ.ಎ.ಗೆ ಕಟ್ಟುತ್ತೀನಿ ಮಾವ, ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದಂತೆ ಅಂದೆ. ಅವರು ತಲೆಯೆತ್ತಲಿಲ್ಲ. “ಕೇಳಮ್ಮ ಸರೋಜ. ನೀನು ಡಿಗ್ರಿ ಮುಗಿಸೋದೂ ಇಲ್ಲ, ನೀನಿರೋ ಆ ಸೀರೆ ಅಂಗಡಿ ಮುಚ್ಚೋದೂ ಇಲ್ಲ. ಇರೋ ಕೆಲಸ ನೆಟ್ಟಗೆ ಮಾಡ್ಕೊಂಡು ಹೋಗು” ಅಂದರು.

ಎರಡೂ ಒಂದೇ ವರ್ಷದಲ್ಲಿ ಆದವು.

ಹೋದ ವಾರ ಮಾವನ ಬಿ.ಪಿ. ಮಾತ್ರೆ ತರಲು ಕೋಲಾರಕ್ಕೆ ಹೋಗಿದ್ದೆ. ಯಾವಾಗಲೂ ಬಸ್ ಸ್ಟ್ಯಾಂಡ್ ಹತ್ತಿರ ತಗೊಳ್ಳುತ್ತೇನೆ, ಅವತ್ತು ಅಲ್ಲಿ ಮುಗಿದಿತ್ತು. ಪೇಟೆಯಲ್ಲಿ ಹೊಸ ಮೆಡಿಕಲ್ ಸ್ಟೋರ್ ಇದೆಯಲ್ಲ, ಅಲ್ಲಿ ಕೇಳಿ ಅಂದರು. ಅದು ಯಾವುದು ಅಂತ ನನಗೆ ಗೊತ್ತಿತ್ತು, ನಮ್ಮ ಸೀರೆ ಅಂಗಡಿ ಇದ್ದ ಜಾಗ. ಎರಡು ವರ್ಷದಿಂದ ಆ ಬಾಗಿಲ ಮುಂದೆ ಹಾಯದ ಹಾಗೆ ಸುತ್ತು ಹಾಕಿಕೊಂಡು ಓಡಾಡಿದವಳು ನಾನು. ಮೆಟ್ಟಿಲು ಹತ್ತಿದೆ. ಗಾಜಿನ ಕೌಂಟರು, ಬಿಳೀ ದೀಪ, ಔಷಧಿ ವಾಸನೆ. ಚೀಟಿ ಕೊಟ್ಟು ನಿಂತೆ. ಕೌಂಟರಿನವರು ಹಿಂದಕ್ಕೆ ಹೋಗಿ ಒಂದು ಹಳೇ ಮರದ ಬೀರು ತೆಗೆದರು. ಎಲ್ಲ ಹೊಸದು ಮಾಡಿಸಿ ಅದೊಂದನ್ನು ಉಳಿಸಿಕೊಂಡಿದ್ದಾರೆ. ಬಾಗಿಲು ತೆರೆದದ್ದೇ ತಡ, ನುಸಿಗುಳಿಗೆ, ಗಂಜಿ, ಹೊಸ ರೇಷ್ಮೆ ಮೂರೂ ಬೆರೆತ ವಾಸನೆ ಒಂದು ಸಲ ಬಂದು ಹೋಯಿತು. ನನ್ನ ಕಿವಿ ಬಿಸಿಯಾದವು. ಮಾತ್ರೆ ತಗೊಂಡು, ಚಿಲ್ಲರೆ ಮರೆತು, ಇಳಿದು ಬಂದುಬಿಟ್ಟೆ.

ನಾನು ಪದವೀಧರೆ. ನಮ್ಮ ತವರಲ್ಲಿ, ಗಂಡನ ಮನೆಯಲ್ಲಿ, ಎರಡೂ ಕಡೆ ಸೇರಿಸಿ ಮೊದಲನೆಯವಳು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಆದರೆ ಆ ಪದವಿ ಬಂದ ವರ್ಷದ ಮಾತು ಬಂದರೆ ತಲೆ ತಗ್ಗುತ್ತದೆ. ಅಂಗಡಿ ಮುಚ್ಚಿದವಳು ನಾನಲ್ಲ. ಮುಚ್ಚಿದವರು ನಾಚಿಕೆಪಡಲಿಲ್ಲ. ಪಡಬೇಕಾದ್ದೂ ಇರಲಿಲ್ಲ, ಅವರ ಅಂಗಡಿ, ಅವರಿಷ್ಟ. ಅಂಥದ್ದರಲ್ಲಿ ಒಳಗೆ ಕೂತು ಸೀರೆ ಬಿಚ್ಚಿ ಮಡಚುತ್ತಿದ್ದ ನಮಗೆ ಆ ನಾಚಿಕೆ ಎಲ್ಲಿಂದ ಬಂತು ಅಂತ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ಇನ್ನೂ ಅರಿಶಿನದ ಕೊಂಬು ಕೊರಳಲ್ಲಿರುವಾಗಲೇ ಆ ಅಂಗಡಿಗೆ ಸೇರಿದವಳು ನಾನು. ಹದಿನೇಳು ವರ್ಷ ಇದ್ದೆ. ಉದ್ದಕ್ಕೆ ಬಿಳೀ ಗಾದಿ, ಗಾದಿಯ ಆಚೆ ನಾವು, ಈಚೆ ಗಿರಾಕಿಗಳು. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಬಂದವರಿಗೆ ಮೊದಲು ನೀರು. ಮದುವೆ ಜವಳಿಗೆ ಬಂದವರಾದರೆ ಕಾಫಿ, ಮಕ್ಕಳಿಗೆ ಬಿಸ್ಕತ್ತು. ಒಂದು ಮದುವೆಯ ಜವಳಿ ಅಂದರೆ ಒಂದು ಟೆಂಪೋ ಜನ. ಅಜ್ಜಿ, ಅತ್ತೆ, ಚಿಕ್ಕಮ್ಮ, ಬಣ್ಣದ ವಿಷಯದಲ್ಲಿ ಯಾರ ಮಾತೂ ಒಪ್ಪದ ಒಬ್ಬಳು ನಾದಿನಿ, ಮೂಲೆಯಲ್ಲಿ ತೂಕಡಿಸುವ ಗಂಡಸರು. ಬೆಳಗ್ಗೆ ಕೂತರೆ ಏಳುವಾಗ ದೀಪ ಹಚ್ಚಿರುತ್ತಿದ್ದರು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಧಾರೆ ಸೀರೆ ಆರಿಸಿದ ಮೇಲೆ ಅದನ್ನು ಬಿಲ್ಲಿಗೆ ಕಳಿಸುವ ಮುಂಚೆ ಸೆರಗಿನ ಒಂದು ಮೂಲೆಗೆ ಅರಿಶಿನ ಕುಂಕುಮ ಮುಟ್ಟಿಸುತ್ತಿದ್ದೆವು. ಅದಕ್ಕೆಂದೇ ಗಾದಿಯ ಪಕ್ಕದಲ್ಲಿ ಒಂದು ಪುಟ್ಟ ಹಿತ್ತಾಳೆ ಭರಣಿ. ಅರಿಶಿನ ಮುಟ್ಟಿದ ಮೇಲೆ ಮುಗಿಯಿತು. ಆಮೇಲೆ ಇದು ಬೇಡ, ಅದು ಕೊಡಿ ಅಂತ ಯಾರೂ ಅಂದದ್ದಿಲ್ಲ. ಹುಡುಗಿಯ ತಾಯಿ ಸೆರಗು ಒಡ್ಡುತ್ತಾಳೆ, ನಾವು ಎರಡೂ ಕೈಯಲ್ಲಿ ಸೀರೆಯನ್ನು ಆ ಸೆರಗಿಗೆ ಹಾಕುತ್ತೇವೆ. ಜವಳಿಯ ಮೊದಲ ಬಟ್ಟೆ ಅದು. ಯಾರ ಕೈಯಿಂದ ಅದು ಬಂತು ಅನ್ನೋದು ನಮ್ಮ ಕಡೆಯ ಜನಕ್ಕೆ ಮುಖ್ಯ.

ನಾನು ಸೇರಿದ ಹೊಸತರಲ್ಲಿ ಶ್ರೀನಿವಾಸಪುರದ ಮಾವಿನ ತೋಟದವರೊಬ್ಬರು ಬಂದಿದ್ದರು. ಮಗಳ ಮದುವೆ ಎರಡು ಕಡೆ ಮುರಿದು ಮೂರನೇ ಕಡೆ ನಿಂತಿತ್ತು. ಅವತ್ತು ದೊಡ್ಡವರೆಲ್ಲ ಬೇರೆ ಗಿರಾಕಿಗಳ ಮುಂದಿದ್ದುದರಿಂದ ಆ ಸೀರೆ ನನ್ನ ಕೈಯಿಂದ ಹೋಯಿತು. ಮುಂದಿನ ವರ್ಷ ಆ ಹುಡುಗಿ ಕಂಕುಳಲ್ಲಿ ಮಗು ಇಟ್ಟುಕೊಂಡು ಬಂದಳು, ಜೊತೆಗೆ ತಂಗಿಯ ಮದುವೆ ಜವಳಿಗೆ. ಅವಳ ತಾಯಿ ಗಾದಿ ಮುಂದೆ ಕೂತು, ಬೇರೆ ಯಾರನ್ನೂ ನೋಡದೆ, “ನೀ ಚೇತ್ತೋನೇ ಇವ್ವಮ್ಮಾ” ಅಂದರು. ನಿನ್ನ ಕೈಯಲ್ಲೇ ಕೊಡಮ್ಮ ಅಂತ. ಅಲ್ಲಿಂದ ಶುರುವಾಯಿತು ನೋಡಿ. ಮುಳಬಾಗಿಲಿನವರು, ಮಾಲೂರಿನವರು, ಲಕ್ಕೂರಿನ ಕಡೆಯವರು, ಸರೋಜಮ್ಮ ಇದಾರಾ ಅಂತ ಫೋನ್ ಮಾಡಿಕೊಂಡು ಬರುತ್ತಿದ್ದರು. ನನಗೆ ರಜ ಇದ್ದರೆ ಜವಳಿಯನ್ನೇ ಮುಂದಕ್ಕೆ ಹಾಕಿದವರಿದ್ದಾರೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಬಾಷಾಣ್ಣ ನಗುತ್ತಿದ್ದರು. ನಾನು ಸೇರುವ ಮೊದಲಿಂದಲೂ ಅಲ್ಲಿ ಶಟರ್ ಎತ್ತಿ ಇಳಿಸುತ್ತಿದ್ದವರು ಅವರು, ಮೇಲಿನ ಅಟ್ಟದಿಂದ ಸೀರೆ ಇಳಿಸುವವರೂ ಅವರೇ. “ನಿನ್ನ ಕೈಗೆ ಇನ್ಶೂರೆನ್ಸ್ ಮಾಡಿಸಮ್ಮ” ಅನ್ನುತ್ತಿದ್ದರು.

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ, ಸೀರೆ ರಾಶಿಯ ಮರೆಯಲ್ಲಿ, ನಾನು ಓದಿದ್ದು. ಮೊದಲು ಪಿಯುಸಿ, ಆಮೇಲೆ ಬಿ.ಎ. ಅಂಗಡಿ ಯಜಮಾನರು ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಹೋಗಿಬರುವ ಬಸ್ಸಿನಲ್ಲಿ ಚರಿತ್ರೆ, ಅಂಗಡಿಯಲ್ಲಿ ಸಮಾಜಶಾಸ್ತ್ರ, ಒಲೆ ಮುಂದೆ ಕನ್ನಡ. ಒಂದು ವಿಷಯದಲ್ಲಿ ಎರಡು ಸಲ ಫೇಲಾದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಕೇಳಿದವರೂ ಇಲ್ಲ.

ಕೊನೇ ಪತ್ರಿಕೆ ಬರೆದದ್ದು ಆಷಾಢದ ಶುರುವಿನಲ್ಲಿ. ನಮ್ಮ ಕಡೆಯ ಆಷಾಢ ಅಂದರೆ ಮಳೆಯಿಲ್ಲ, ಬರೀ ಗಾಳಿ, ಮಣ್ಣು. ಪರೀಕ್ಷೆ ಮುಗಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಅಂಗಡಿಗೆ ಬಂದರೆ ಮುಂದುಗಡೆ ಬಾಷಾಣ್ಣ ಏಣಿ ಹತ್ತಿ ಬ್ಯಾನರ್ ಕಟ್ಟುತ್ತಿದ್ದರು. ಗಾಳಿಗೆ ಅದು ಅವರ ಮುಖಕ್ಕೆ ಹೊಡೆಯುತ್ತಿತ್ತು. ಪ್ರತಿ ವರ್ಷ ಆಷಾಢದ ಡಿಸ್ಕೌಂಟ್ ಬ್ಯಾನರ್ ಕಟ್ಟುವುದು ಅವರೇ, ಅದೇ ಇರಬೇಕು ಅಂದುಕೊಂಡೆ. ಪೇಪರ್ ಸುಲಭ ಇತ್ತು ಅಣ್ಣ, ಈ ಸಲ ಪಾಸು ಅಂದೆ. ಅವರು ಏಣಿಯ ಮೇಲಿಂದಲೇ ಹೂಂ ಅಂದರು. ಆಮೇಲೆ ಓದಿದೆ. ‘ಅಂಗಡಿ ಮುಚ್ಚುತ್ತಿದ್ದೇವೆ. ಇರುವುದೆಲ್ಲ ಅರ್ಧ ಬೆಲೆಗೆ.’

ಯಜಮಾನರು ನಮ್ಮನ್ನೆಲ್ಲ ಗಾದಿಯ ಮೇಲೆ ಕೂರಿಸಿ, ಗಿರಾಕಿಗಳಿಗೆ ಕೊಡುವ ಹಾಗೇ ಕಾಫಿ ಕೊಡಿಸಿ, ವಿಷಯ ಹೇಳಿದರು. ಬೈಪಾಸ್ ಹತ್ತಿರ ಮೂರು ಮಹಡಿಯ ಮಳಿಗೆ ಬಂದಿದೆ, ಉಳಿದವರು ಫೋನಿನಲ್ಲೇ ಸೀರೆ ತರಿಸಿಕೊಳ್ಳುತ್ತಾರೆ, ತಮಗೂ ಮಂಡಿ ನೋವು, ಸಾಕು ಅಂದರು. ಕೊಡಬೇಕಾದ್ದು ಕೊಟ್ಟರು, ಅದರಲ್ಲಿ ತಕರಾರಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಒಂದು ಕೆಲಸ ಹೇಳಿದರು. ಆಟೋಗೆ ಮೈಕು ಕಟ್ಟಿಸಿ ನಾಲ್ಕೂ ತಾಲ್ಲೂಕಿಗೆ ಕಳಿಸಬೇಕು. ಹಾಡು ಹಾಕೋರ ಗೊಗ್ಗರು ದನಿ ಬೇಡ. ಜನಕ್ಕೆ ನಿನ್ನ ದನಿ ಗೊತ್ತು, ಕನ್ನಡ ತೆಲುಗು ಎರಡೂ ಶುದ್ಧವಾಗಿ ಬರುತ್ತೆ, ಓದಿದವಳು ಬೇರೆ, ನೀನೇ ಹೇಳಿಬಿಡು ಅಂದರು.

ಓದಿದವಳು ಅಂತ ಅವರು ನನ್ನನ್ನು ಕರೆದದ್ದು ಅದೇ ಮೊದಲು. ಆ ಮಾತಿಗೇ ಒಪ್ಪಿಕೊಂಡೆ ಅನಿಸುತ್ತದೆ. ಯಜಮಾನರ ಫೋನಿನಲ್ಲಿ ರೆಕಾರ್ಡಿಗೆ ಇಟ್ಟು, ಬಾಯಿ ಹತ್ತಿರ ಹಿಡಿದು, ಸ್ಪಷ್ಟವಾಗಿ, ಅಕ್ಷರ ನುಂಗದೆ ಹೇಳಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಹಾಜನರೇ, ನಿಮ್ಮ ನೆಚ್ಚಿನ ಅಂಗಡಿ ಮುಚ್ಚುತ್ತಿದೆ, ಬನ್ನಿ, ಇದೇ ಕೊನೆಯ ಅವಕಾಶ. ಆಮೇಲೆ ಅದನ್ನೇ ತೆಲುಗಿನಲ್ಲಿ. ಒಂದೇ ಸಲಕ್ಕೆ ಸರಿಯಾಗಿ ಬಂತು. ಎಲ್ಲರೂ ಭೇಷ್ ಅಂದರು.

ಭಾನುವಾರ ನಾನು ಮನೆಯಲ್ಲಿದ್ದೆ. ಮಾವ ಹೊರಗಡೆ ಜಗಲಿಯ ಮೇಲೆ ಪಕ್ಕದ ಮನೆಯವರ ಜೊತೆ ಕೂತಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಊರ ಬಾಗಿಲ ಕಡೆಯಿಂದ ಒಂದು ಹೆಂಗಸಿನ ದನಿ ಕೇಳಿಸಿತು. ಯಾರೋ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು. ಆಟೋ ಹಾಲಿನ ಡೇರಿ ದಾಟಿ, ಶಾಲೆ ದಾಟಿ, ನಮ್ಮ ಬೀದಿಗೆ ತಿರುಗಿ, ನಮ್ಮ ಮನೆ ಮುಂದೆ ಒಂದು ಹಸುವಿಗೆ ದಾರಿ ಬಿಡಲು ನಿಂತುಬಿಟ್ಟಿತು. ಮುಚ್ಚುತ್ತಿದೆ, ಮುಚ್ಚುತ್ತಿದೆ, ಬನ್ನಿ. ನನ್ನ ದನಿ. ಮಕ್ಕಳು ಸರೋಜಕ್ಕ, ಸರೋಜಕ್ಕ ಅಂತ ಆಟೋ ಹಿಂದೆ ಓಡುತ್ತಿದ್ದರು. ನಾನು ಒಗೆಯುವ ಕಲ್ಲಿನ ಹಿಂದೆ ಕೂತುಕೊಂಡೆ. ನೀರು ಕಾಲ ಮೇಲೆ ಹರಿಯುತ್ತಿತ್ತು, ಏಳಲಿಲ್ಲ.

ಆಟೋ ಹೋದ ಮೇಲೆ ಮಾವ ಹಿತ್ತಲಿಗೆ ಬಂದರು. ನನ್ನನ್ನು ನೋಡಿದರು, ಬಕೆಟ್ ನೋಡಿದರು. “ಹೋಗ್ಲಿ ಬಿಡು. ನಿನ್ನ ಮನೆ ಮುಳುಗಿದ್ದಕ್ಕೆ ನೀನೇ ಟಾಂಟಾಂ ಹೊಡ್ಕೊಂಡು ಬಂದ್ಯಲ್ಲಮ್ಮ” ಅಂದರು. ಬಯ್ಯುವುದಕ್ಕೆ ಹೇಳಿದ್ದಲ್ಲ. ಬಕೆಟ್ಟನ್ನು ನನ್ನ ಪಕ್ಕಕ್ಕೆ ಸರಿಸಿ ಒಳಗೆ ಹೋದರು.

ನನ್ನ ಕರೆಗೆ ಜನ ಬಂದರು. ಮಾಲು ಖಾಲಿಯಾಗುವ ತನಕ ಅಂಗಡಿ ಸಂತೆಯಾಯಿತು. ಚಪ್ಪಲಿ ಹಾಕಿಕೊಂಡೇ ಗಾದಿ ಹತ್ತಿದರು. ಯಾರಿಗೂ ನೀರು ಕೊಡಲು ಪುರುಸೊತ್ತಿರಲಿಲ್ಲ. ಶ್ರಾವಣ ಹುಟ್ಟುವ ಹೊತ್ತಿಗೆ ಶ್ರೀನಿವಾಸಪುರದ ಆ ತಾಯಿಯೂ ಬಂದರು, ಕೊನೇ ಮಗಳ ಮದುವೆ ಗೊತ್ತಾಗಿತ್ತು. ಆ ಗಲಾಟೆಯಲ್ಲೂ ನನಗೆ ಸಂತೋಷವಾಯಿತು. ಕೊಡುವ ಸೀರೆ, ಪಂಚೆ, ರವಿಕೆ ಕಣ ಎಲ್ಲ ಆರಿಸಿದರು, ದೊಡ್ಡ ಗಂಟೇ ಆಯಿತು. ನಾನು ಇವರಿಗೆಂದೇ ತೆಗೆದಿಟ್ಟಿದ್ದ ಒಂದು ಅರಗಿನ ಬಣ್ಣದ ಸೀರೆ ಬಿಚ್ಚಿ, ಭರಣಿಯ ಮುಚ್ಚಳ ತೆಗೆದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಮೆಲ್ಲಗೆ, ಬೇರೆಯವರಿಗೆ ಕೇಳಿಸದ ಹಾಗೆ, “ವದ್ದಮ್ಮಾ” ಅಂದರು. ಬೇಡಮ್ಮ ಅಂತ. ಧಾರೆ ಸೀರೆ ಬೆಂಗಳೂರಲ್ಲಿ ತಗೊಳ್ಳುತ್ತೀವಿ, ತಪ್ಪು ತಿಳ್ಕೋಬೇಡ, ಮುಚ್ಚುವ ಅಂಗಡಿಯಿಂದ ಅದೊಂದು ಬೇಡ ಅಂತ ಬೀಗರು ಹೇಳಿದ್ದಾರೆ ಅಂದರು. ಎದ್ದು ಹೋಗುವಾಗ ನನ್ನ ಗಲ್ಲ ಸವರಿದರು. ಅದೇ ತಡೆಯಲಿಕ್ಕಾಗದ್ದು. ಅವರು ಜೋರಾಗಿ ಜಗಳ ಆಡಿ ಹೋಗಿದ್ದರೆ ವಾಸಿಯಿತ್ತು.

ಅವರು ಹೇಳಿದ್ದು ಅಂಗಡಿಯ ವಿಷಯ. ನಾನು ಕೇಳಿಸಿಕೊಂಡದ್ದು ನನ್ನ ಕೈಯ ವಿಷಯ.

ಕೊನೇ ದಿನ ಯಜಮಾನರು ಬೇಕಾದ್ದು ತಗೊಂಡು ಹೋಗಿ ಅಂದರು. ಒಬ್ಬರು ಕನ್ನಡಿ, ಒಬ್ಬರು ಫ್ಯಾನು, ಒಬ್ಬರು ಬೊಂಬೆಯನ್ನೇ ಹೊತ್ತುಕೊಂಡು ಹೋದರು. ನಾನು ಭರಣಿಯನ್ನು ಟಿಫನ್ ಡಬ್ಬಿಯ ಚೀಲಕ್ಕೆ ಹಾಕಿಕೊಂಡೆ. ಬಾಷಾಣ್ಣ ಶಟರ್ ಎಳೆದು, ಅಭ್ಯಾಸದಂತೆ ಎರಡು ಸಲ ಬೀಗ ಜಗ್ಗಿ ನೋಡಿ, ಕೀಲಿ ಯಜಮಾನರ ಕೈಗೆ ಕೊಟ್ಟು, ನಾಳೆ ಬೆಳಗ್ಗೆ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳಿಬಿಟ್ಟರು.

ಗೌರಿ ಹಬ್ಬಕ್ಕೆ ಮುಂಚೆ ನಾನು ಬೈಪಾಸಿನ ಆ ಮೂರು ಮಹಡಿಯ ಮಳಿಗೆಗೇ ಸೇರಿದೆ. ಬೇರೆ ದಾರಿ ಇರಲಿಲ್ಲ. ನಮ್ಮವರು ವೇಮಗಲ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವರು, ಆ ಸಮಯಕ್ಕೆ ಅವರಿಗೂ ಶಿಫ್ಟ್ ಕಡಿಮೆಯಾಗಿತ್ತು. ರಿಸಲ್ಟ್ ಇನ್ನೂ ಬಂದಿರಲಿಲ್ಲ, ಡಿಗ್ರಿ ಅಂತ ಹೇಳಿಕೊಳ್ಳುವ ಹಾಗಿರಲಿಲ್ಲ. ಅಲ್ಲಿ ಗಾದಿ ಇಲ್ಲ, ಕೂರುವ ಹಾಗಿಲ್ಲ. ಕಿತ್ತಳೆ ಬಣ್ಣದ ಟೀ ಶರ್ಟು, ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಬರಹ. ನಿಮಗೆ ಸಹಾಯ ಮಾಡಲೇ ಅಂತ ಅದರ ಅರ್ಥ. ಸೀರೆಯ ಮೇಲೇ ತೊಟ್ಟುಕೊಳ್ಳಬೇಕು. ಜನ ತಾವೇ ಎಳೆದು ನೋಡಿ, ಮೈಗೆ ಹಾಕಿ ನೋಡಿ, ಬೇಡದ್ದನ್ನು ಬಿಸಾಕಿ ಹೋಗುತ್ತಾರೆ. ಅದನ್ನು ಆರಿಸಿ ಮಡಚಿ ಮತ್ತೆ ನೇತುಹಾಕುವುದು ನನ್ನ ಕೆಲಸ. ಹಳೇ ಗಿರಾಕಿಗಳು ಬಂದರೆ ನಾನು ಮಕ್ಕಳ ಬಟ್ಟೆಯ ಸಾಲಿನ ಹಿಂದೆ ಹೋಗಿ ಬಗ್ಗಿ ಏನೋ ಹುಡುಕುತ್ತಿದ್ದೆ. ಬೆನ್ನು ಮಾತ್ರ ಕಾಣುತ್ತಿತ್ತು, ಬೆನ್ನಿನ ಮೇಲಿನ ಬರಹ ಓದಿಕೊಂಡು ಅಲ್ಲಿಗೇ ಬಂದು, ಇದರ ದೊಡ್ಡ ಸೈಜ್ ಇದೆಯಾ ಅಂತ ಕೇಳುತ್ತಿದ್ದರು.

ಬಾಷಾಣ್ಣ ಕ್ಲಾಕ್ ಟವರ್ ಹತ್ತಿರ ತಳ್ಳುಗಾಡಿಯಲ್ಲಿ ನೈಟಿ ವ್ಯಾಪಾರ ಹಾಕಿಕೊಂಡಿದ್ದರು. ಅಷ್ಟು ವರ್ಷ ಒಂದು ಜೋರು ಮಾತಾಡದ ಮನುಷ್ಯ, ಈಗ ಕೂಗುತ್ತಿದ್ದರು. ಒಂದು ಸಂಜೆ ಅವರನ್ನು ದೂರದಿಂದ ನೋಡಿ ನಾನು ಆ ಕಡೆ ರಸ್ತೆಗೆ ದಾಟಿಕೊಂಡೆ. ಬ್ಯಾಗಿನಲ್ಲಿ ಮಡಚಿಟ್ಟ ಟೀ ಶರ್ಟಿನ ಕಿತ್ತಳೆ ಬಣ್ಣ ಅವರಿಗೆ ಕಂಡೀತು ಅಂತ. ಅವರು ಬಿಡಲಿಲ್ಲ. “ಏನಮ್ಮಾ ಸರೋಜ, ನನ್ನ ನೋಡಿ ನಾಚ್ಕೊಂಡ್ಯಾ, ಇಲ್ಲ ನಿನ್ನ ನೀನೇ ನೋಡ್ಕೊಂಡು ನಾಚ್ಕೊಂಡ್ಯಾ?” ಅಂತ ರಸ್ತೆಯಾಚೆಯಿಂದಲೇ ಕೂಗಿದರು. ದಾಟಿ ಬಂದೆ. ಇಬ್ಬರೂ ಟೀ ಕುಡಿದೆವು. ಅವರು ಹೇಳಿದರು, ಮನೆಯಲ್ಲಿ ಈಗಲೂ ಬೆಳಗಿನ ಹೊತ್ತು ಕೈ ಶಟರ್ ಹುಡುಕುತ್ತೆ, ಅದಕ್ಕೇ ಬೇಗ ಗಾಡಿ ತಳ್ಕೊಂಡು ಬಂದುಬಿಡ್ತೀನಿ ಅಂತ.

ದಸರಾ ಸಮಯ. ಒಂದು ಹುಡುಗ ಹುಡುಗಿ ಇಬ್ಬರೇ ಮಳಿಗೆಗೆ ಬಂದರು. ಮದುವೆಗೆ ಅಂದರು. ಜೊತೆಗೆ ದೊಡ್ಡವರು ಯಾರೂ ಇಲ್ಲ. ಹುಡುಗಿ ಏನು ನೋಡಬೇಕು ಅಂತ ತಿಳಿಯದೆ ಸುತ್ತುತ್ತಿದ್ದಳು. ನಾನು ಎಲ್ಲ ಮರೆತೆ. ಅವಳನ್ನು ಕನ್ನಡಿ ಮುಂದೆ ನಿಲ್ಲಿಸಿ, ಒಂದೊಂದೇ ಸೀರೆ ಹೆಗಲ ಮೇಲೆ ಹಾಕಿ ತೋರಿಸಿದೆ. ಎಳೆ ಹಸಿರು ಮೈ, ಕೆಂಪಂಚು, ಅದರಲ್ಲಿ ಅವಳ ಮುಖ ಅರಳಿತು. ಇದೇ ಇರ್ಲಿ ಆಂಟಿ ಅಂದಳು. ಅಷ್ಟೇ. ನನ್ನ ಕೈ ಹೋಗಿ, ಹಳೇ ಅಂಗಡಿ ಬಿಟ್ಟಾಗಿನಿಂದ ಟಿಫನ್ ಚೀಲದಲ್ಲೇ ಇದ್ದ ಭರಣಿ ತೆಗೆದು ಸೆರಗಿನ ಮೂಲೆಗೆ ಅರಿಶಿನ ಹಚ್ಚಿತ್ತು. ಎರಡೂ ಕೈಯಲ್ಲಿ ಸೀರೆ ಹಿಡಿದು ನಿಂತಿದ್ದೆ.

“ಅಯ್ಯೋ ಆಂಟಿ, ಕಲೆ ಆಯ್ತಲ್ಲ” ಅಂದಳು ಅವಳು. “ಇದರಲ್ಲೇ ಬೇರೆ ಪೀಸ್ ಇದೆಯಾ?”

ಇರಲಿಲ್ಲ. ಸುಮ್ಮನೆ ನಕ್ಕು, ಆಮೇಲೆ ಬರ್ತೀವಿ ಅಂತ ಹೋದರು. ಅವಳದ್ದು ತಪ್ಪಲ್ಲ. ಮಹಡಿ ನೋಡಿಕೊಳ್ಳುವ ಮ್ಯಾನೇಜರ್ ಚಿಕ್ಕ ವಯಸ್ಸಿನವನು, ಒಳ್ಳೆಯವನೇ. ಅಕ್ಕ, ಇಲ್ಲಿ ಇದೆಲ್ಲ ಮಾಡೋ ಹಾಗಿಲ್ಲ, ಬಿಲ್ ಆದ ಮೇಲೂ ವಾಪಸ್ ತರ್ತಾರೆ ಜನ ಅಂದ. ಜೇಬಿನಿಂದ ಒಂದು ಕೆಂಪು ಸ್ಟಿಕ್ಕರ್ ತೆಗೆದು ಅರಿಶಿನದ ಪಕ್ಕದಲ್ಲೇ ಅಂಟಿಸಿದ. ಡ್ಯಾಮೇಜ್ ಅಂತ ಬರೆದಿತ್ತು. ಹದಿನೇಳು ವರ್ಷ ನಾನು ಎಷ್ಟು ಸೀರೆಗಳ ಮೇಲೆ ಹಚ್ಚಿದ್ದೆನೋ ಅದಕ್ಕೆಲ್ಲ ಅಲ್ಲಿ ಅದೇ ಹೆಸರು. ಆ ಸೀರೆಯನ್ನು ನಾನೇ ಕೊಂಡುಕೊಂಡೆ. ಭರಣಿಯನ್ನು ಮನೆಗೆ ತಂದು ದೇವರ ಗೂಡಿನ ಹಿಂದಕ್ಕೆ ತಳ್ಳಿದೆ.

ಆಮೇಲೆ ನನಗೊಂದು ಅಭ್ಯಾಸ ಬಿತ್ತು. ಯಾರಿಗೂ ಏನನ್ನೂ ನೇರವಾಗಿ ಕೈಗೆ ಕೊಡುತ್ತಿರಲಿಲ್ಲ. ಮಳಿಗೆಯಲ್ಲಿ ಮೇಜಿನ ಮೇಲಿಡುತ್ತಿದ್ದೆ, ಮನೆಯಲ್ಲಿ ಕಾಫಿ ಲೋಟ ಜಗಲಿಯ ಮೇಲಿಡುತ್ತಿದ್ದೆ. ಮಾವ ಲೋಟ ನೋಡಿ, ನನ್ನ ನೋಡಿ, ಎತ್ತಿಕೊಂಡು ಕುಡಿಯುತ್ತಿದ್ದರು.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲೇ ಮದುವೆ ಕೂಡಿಬಂತು. ಮಾವನ ಮಗಳು ಭಾಗ್ಯ ನನಗೆ ನಾದಿನಿ, ಮುಳಬಾಗಿಲಿಗೆ ಕೊಟ್ಟಿದ್ದಾರೆ. ಅವಳ ಮಗಳು ರಮ್ಯನಿಗೆ ಗಂಡು ಗೊತ್ತಾಗಿ, ಕಾರ್ತಿಕ ಮುಗಿದ ಮೇಲೆ ಲಗ್ನ ಅಂತ ಆಯಿತು. ರಮ್ಯ ಅಂಗನವಾಡಿಗೆ ಹೋಗುತ್ತಿದ್ದಾಗಿನಿಂದ ಭಾಗ್ಯ ಹೇಳುತ್ತಿದ್ದ ಮಾತು ಒಂದೇ: ಇವಳ ಧಾರೆ ಸೀರೆ ನಮ್ಮತ್ತಿಗೆ ಕೈಯಿಂದ. ಮಗಳಿಗೆ ಜಡೆ ಹೆಣೆಯುತ್ತಾ ಹೇಳಿದ್ದಳು. ಈಗ ಫೋನಿನಲ್ಲಿ ಛತ್ರದ ಮಾತು, ಅಡುಗೆಯವರ ಮಾತು, ಹೂವಿನ ಮಾತು, ಎಲ್ಲ ಆಡುತ್ತಿದ್ದಳು. ಜವಳಿಯ ಮಾತು ಬಂದರೆ, ಇನ್ನೂ ಯೋಚ್ನೆ ಮಾಡಿಲ್ಲ ಅತ್ತಿಗೆ ಅನ್ನುತ್ತಿದ್ದಳು. ಒಂದು ದಿನ ರಮ್ಯನೇ ಬಾಯಿ ತಪ್ಪಿ, ಶುಕ್ರವಾರ ಬೆಂಗಳೂರಿಗೆ ಗಾಡಿ ಹೇಳಿದ್ದಾರೆ ಅತ್ತೆ ಅಂದುಬಿಟ್ಟಳು. ನಾನು ಹೌದೇ, ಒಳ್ಳೇದಾಗ್ಲಿ ಅಂದೆ. ಶ್ರೀನಿವಾಸಪುರದವರು ಹೊರಗಿನವರು, ಅವರದ್ದನ್ನು ನುಂಗಿಕೊಂಡಿದ್ದೆ. ಇದು ನಮ್ಮ ಮನೆ. ನಾನಾಗಿ ಕೇಳುವ ಹಾಗಿಲ್ಲ, ಅವಳು ಕರೆಯುವ ಹಾಗಿಲ್ಲ. ಶುಕ್ರವಾರ ಬಂದು ಹೋದರೆ ಸಾಕು, ಮದುವೆಯಲ್ಲಿ ಎಲ್ಲರ ಹಿಂದೆ ನಿಂತು ಅಕ್ಷತೆ ಹಾಕಿ ಬಂದುಬಿಡೋಣ ಅಂದುಕೊಂಡೆ.

ಅದಕ್ಕೂ ಮುಂಚೆ ರಿಸಲ್ಟ್ ಬಂದಿತ್ತು. ಪಾಸು. ಮನೆಯಲ್ಲಿ ಹೇಳಿದೆ, ಸಿಹಿ ಮಾಡಿದೆ, ಆದರೆ ನಿಜ ಹೇಳಬೇಕೆಂದರೆ ನನ್ನ ಪಾಲಿನ ಪಾಯಸವನ್ನು ಪಕ್ಕದ ಮನೆಗೆ ಕಳಿಸಿಬಿಟ್ಟೆ. ಸರ್ಟಿಫಿಕೇಟ್ ಬಂದಿದೆ, ಬಂದು ತಗೊಂಡು ಹೋಗಿ ಅಂತ ಸ್ಟಡಿ ಸೆಂಟರಿನಿಂದ ಫೋನ್ ಬಂದದ್ದು ಆ ವಾರದ ಬುಧವಾರ. ಬೀರುವಿನಿಂದ ಹಸಿರು ಸೀರೆ ತೆಗೆದು ಉಟ್ಟುಕೊಂಡೆ. ಕೆಂಪು ಸ್ಟಿಕ್ಕರನ್ನು ಮೊದಲೇ ಕಿತ್ತಿದ್ದೆ, ಅದರ ಅಂಟು ಮಾತ್ರ ಉಳಿದಿತ್ತು. ಮಾವ ಅವತ್ತು ರೇಷ್ಮೆ ಗೂಡು ಹಾಕಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಬೆಳಗಿನ ಜಾವವೇ ಹೋಗಿದ್ದರು, ಹೊರಡುವ ಮುಂಚೆ ಅವರಿಗೆ ಫೋನ್ ಮಾಡಿ ತಿಳಿಸಿದೆ.

ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿದು ನಮ್ಮ ಕಡೆಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಕೊಯ್ದ ರಾಗಿ ಹೊಲಗಳಲ್ಲೇ ನೆನೆಯುತ್ತಿತ್ತು. ಸೆಂಟರಿನಲ್ಲಿ ನಾನೊಬ್ಬಳೇ. ಗುಮಾಸ್ತರು ಸಹಿ ಹಾಕಿಸಿಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಳ್ಳೇದಾಗ್ಲಿ ಮೇಡಂ ಅಂತ ಕೊಟ್ಟರು. ಮೇಡಂ ಅನ್ನೋ ಮಾತಿಗೆ ಹಿಂದೆ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಿದೆ. ಹೊರಗಡೆ ಮೆಟ್ಟಿಲ ಮೇಲೆ ಮಾವ ನಿಂತಿದ್ದರು. ಮಾರ್ಕೆಟ್ಟಿನಿಂದ ನೇರ ಬಂದಿದ್ದಾರೆ, ಮೈಯೆಲ್ಲ ಗೂಡಿನ ವಾಸನೆ, ಹೆಗಲ ಮೇಲೆ ಟವಲ್ಲು. ನಾನು ಸೀರೆಯ ಮೂಲೆಯನ್ನು ಸೊಂಟಕ್ಕೆ ಸಿಗಿಸಿಕೊಂಡೆ. ಅವರು ಅರಿಶಿನವನ್ನು ಆಗಲೇ ನೋಡಿಯಾಗಿತ್ತು.

ಬಂತಾ ಅಂದರು. ಬಂತು ಮಾವ ಅಂದೆ. ಅಲ್ಲಿ ಒಂದು ಕಟ್ಟೆ ಇತ್ತು, ಕವರನ್ನು ಅದರ ಮೇಲಿಟ್ಟೆ, ನೋಡಿ ಅಂತ.

ಅವರು ಎತ್ತಿಕೊಳ್ಳಲಿಲ್ಲ. ಹೆಗಲ ಮೇಲಿನ ಟವಲ್ ತೆಗೆದು ಒಂದು ಸಲ ಕೊಡವಿದರು. ಎರಡೂ ಕೈಯಲ್ಲಿ ಅದನ್ನು ಬಿಡಿಸಿ, ನಮ್ಮ ಗಾದಿ ಮುಂದೆ ಹುಡುಗಿಯ ತಾಯಂದಿರು ಸೆರಗು ಒಡ್ಡುತ್ತಿದ್ದರಲ್ಲ, ಹಾಗೆ ನನ್ನ ಮುಂದೆ ಒಡ್ಡಿದರು. ಮಳೆಯಲ್ಲಿ ಹೋಗಿಬರುವವರು ನೋಡುತ್ತಿದ್ದರು. ಕವರ್ ಎತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಅವರ ಟವಲ್ಲಿಗೆ ಹಾಕಿದೆ. ಅವರು ಅದನ್ನು ಎದೆಗೆ ಒತ್ತಿಕೊಂಡು, ಮಳೆ ತಾಗದ ಹಾಗೆ ಸುತ್ತಿ, ನನ್ನ ಕಡೆ ನೋಡದೆ ರಸ್ತೆ ನೋಡುತ್ತಾ ಹೇಳಿದರು:

“ಬೆಳಗ್ಗೆ ಭಾಗ್ಯಂಗೆ ಫೋನ್ ಮಾಡಿದ್ದೆ. ಶುಕ್ರವಾರ ಜವಳಿಗೆ ಸರೋಜ ಬರ್ತಾಳೆ, ಧಾರೆ ಸೀರೆ ಅವಳೇ ಎತ್ತಿ ಕೊಡ್ತಾಳೆ ಅಂದೆ. ಅದು ಆಗೋ ಮಾತಲ್ಲಪ್ಪ ಅಂದ್ಲು. ಸರೋಜಂಗೆ ನಾನೂ ಒಂದು ದಿನ ಹಂಗೇ ಅಂದಿದ್ದೆ ಕಣಮ್ಮ ಅಂತ ಹೇಳಿ, ಫೋನ್ ಇಟ್ಟೆ.”